ತಂಗಿಯ ಮಾತ್ರೆ ಎಸೆದದ್ದು

ಆಗ ನನಗೆ ಅರವತ್ತೆಂಟು. ಈಗ್ಗೆ ಮೂರು ವರ್ಷದ ಮಾತು. ನನ್ನ ತಂಗಿ ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು. ಗಂಡ ಸತ್ತ ಮೇಲೆ ಊಟ ಬಿಟ್ಟಳು, ನಿದ್ದೆ ಬಿಟ್ಟಳು, ಆಮೇಲೆ ಮಾತೂ ಬಿಟ್ಟಳು. ಅವಳಿರುವ ಹಳ್ಳಿಗೆ ಮೈಸೂರಿಂದ ಬಸ್ಸಲ್ಲಿ ಎರಡು ಗಂಟೆ. ಅಲ್ಲಿಗೆ ಜ್ವರ ನೋಡುವ ಡಾಕ್ಟರೇ ವಾರಕ್ಕೊಮ್ಮೆ ಬಂದರೆ ಹೆಚ್ಚು, ಮನಸ್ಸಿನ ಡಾಕ್ಟರು ಎಲ್ಲಿಂದ ಬರಬೇಕು? ಅದಕ್ಕೇ ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ಗುರುವಾರ ಗುರುವಾರ ಫೋನಿನಲ್ಲಿ ಒಬ್ಬ ಡಾಕ್ಟರಮ್ಮನನ್ನು ತೋರಿಸುತ್ತಿದ್ದಳು. ಮುಖ ನೋಡಿಕೊಂಡೇ ಮಾತಾಡಬಹುದು. ತಂಗಿಯನ್ನು ಅವಳ ಸೊಸೆ ಕರೆದುಕೊಂಡು ಹೋಗಿ ಕೂರಿಸಿದಳು. ಮಾತ್ರೆ ಕೊಟ್ಟರು.

ಆ ಮಾತ್ರೆ ನಿಲ್ಲಿಸಿದವಳು ನಾನು.

ಹಬ್ಬಕ್ಕೆ ಅಲ್ಲಿಗೆ ಹೋಗಿದ್ದೆ. ಬಿಸಿಲು ಅಂಗಳಕ್ಕೆ ಬಂದಿದೆ, ಇವಳು ಇನ್ನೂ ಮಲಗಿದ್ದಾಳೆ. ಬಾಗಿಲಿಗೆ ನೀರು ಬಿದ್ದಿಲ್ಲ. ಎದುರು ಮನೆಯವಳು, "ಏನ್ ಕಣಕ್ಕ, ನಿನ್ ತಂಗಿ ಮಾರಾಣಿ ಆಗ್ಬುಟ್ಲು" ಅಂದಳು. ನನಗೆ ಮೈ ಉರಿದುಹೋಯಿತು. ಇದೆಲ್ಲ ಮಾತ್ರೆಯ ಕೆಲಸ ಅಂತ ಪೊಟ್ಟಣ ತೆಗೆದು ತಿಪ್ಪೆಗೆ ಎಸೆದೆ. "ಎದ್ದು ಕಸ ಗುಡಿಸು, ಎಲ್ಲ ಸರೋಯ್ತದೆ" ಅಂದೆ. ನನ್ನ ಮಾತು ಯಾವತ್ತೂ ಮೀರಿದವಳಲ್ಲ. ಎದ್ದು ಗುಡಿಸಿದಳು. ಆಮೇಲೆ ಕೇಂದ್ರದ ಕಡೆಗೂ ಹೋಗಲಿಲ್ಲ.

ಎರಡು ತಿಂಗಳಿಗೆ ಸೊಸೆ ಅವಳನ್ನು ಮೈಸೂರಿನ ರಾಜೀವನಗರದ ನನ್ನ ಒಂದು ಕೋಣೆ ಮನೆಗೆ ತಂದುಬಿಟ್ಟಳು. "ದೊಡ್ಡವ್ವ, ಅತ್ತೆ 'ನಾನ್ ಇದ್ರೆಷ್ಟು ಹೋದ್ರೆಷ್ಟು' ಅಂತಾವ್ರೆ. ಒಬ್ರನ್ನೇ ಬುಟ್ಟು ಕೂಲಿಗೆ ಹೋಗಕ್ಕೆ ಭಯ ಆಯ್ತದೆ."

ನರ್ಸಮ್ಮ ಆ ಗುರುವಾರ ಡಾಕ್ಟರಮ್ಮನ ಫೋನು ಮೈಸೂರಿಗೇ ಬರುವ ಹಾಗೆ ಮಾಡಿದಳು. ನನ್ನದು ಗುಂಡಿ ಒತ್ತುವ ಫೋನು, ಅದರಲ್ಲಿ ಮುಖ ಬರುವುದಿಲ್ಲ. ಪಕ್ಕದ ಮನೆಯವಳು ತನ್ನ ಫೋನು ತಂದು ಹಿಟ್ಟಿನ ಡಬ್ಬಿಗೆ ಒರಗಿಸಿ ಇಟ್ಟಳು. ನಾನೂ ಅವಳೂ ಮನೆಯಲ್ಲೇ ಊದುಬತ್ತಿ ಹೊಸೆಯುವವರು.

ಫೋನಿನ ಮುಂದೆ ನಾನು ಕೂತೆ. ತಂಗಿ ಗೋಡೆ ಮಗ್ಗುಲಿಗೆ. ನಮ್ಮಲ್ಲಿ ದೊಡ್ಡವರು ಇರುವಾಗ ಚಿಕ್ಕವರು ಬಾಯಿ ಬಿಡುವುದಿಲ್ಲ. ಅವಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ಅವಳ ಹೆಸರು ಹೇಳಿದ್ದೂ ನಾನೇ.

"ಊಟ ಮಾಡ್ತಾರಾ?"

"ಮಾಡ್ತಾಳೆ."

"ಅಳ್ತಾರಾ?"

"ಅಂತಾದ್ದೇನಿಲ್ಲ."

"ಮಾತ್ರೆ ತಗೊಳ್ತಿದ್ದಾರಾ?"

"ಹೂಂ, ತಪ್ಪದೆ."

ಎಷ್ಟು ಸಲೀಸಾಗಿ ಬಂತು ಸುಳ್ಳು. ಡಾಕ್ಟರಮ್ಮ ಬರೆಯುವುದು ನಿಲ್ಲಿಸಿ ಅಂದಳು: "ಅಜ್ಜಿ, ಫೋನನ್ನ ಅವರ ಕಡೆ ತಿರುಗಿಸಿ, ನೀವು ಹೊರಗೆ ಕೂತಿರಿ."

"ನನ್ನ ಮನೆಯಿಂದ ನನ್ನನ್ನೇ ಆಚೆಗೆ ಹೋಗು ಅಂತೀಯೇನಮ್ಮ?"

"ಹೌದು ಅಜ್ಜಿ. ಹೋಗುವಾಗ ಬಾಗಿಲು ಹಾಕ್ಕೊಂಡು ಹೋಗಿ."

ಹೋದೆ. ಜಗುಲಿಯಲ್ಲಿ ಕೂತು ಮರದ ಮಣೆ ಎಳೆದುಕೊಂಡೆ. ನಾಲ್ಕು ಬತ್ತಿ ಹೊಸೆದೆ, ಎದ್ದೆ. ತುಂಬಿದ್ದ ಬಿಂದಿಗೆ ಚೆಲ್ಲಿ ಮತ್ತೆ ನಲ್ಲಿಗೆ ಇಟ್ಟೆ. ಕೂತೆ. ಒಳಗೆ ಸದ್ದೇ ಇಲ್ಲ. ಬಾಗಿಲ ಹತ್ತಿರ ಹೋದರೆ ಪಕ್ಕದವಳು ಕಾಲು ಅಡ್ಡ ಚಾಚಿದಳು.

"ಕಿವಿ ಇಟ್ರೆ ಕಿತ್ಬುಡ್ತೀನಿ. ಫೋನೂ ನಂದು, ಕಾವಲೂ ನಂದೇ. ನಿನ್ ಬತ್ತಿ ನೋಡು, ಒಂದಾದ್ರೂ ನೆಟ್ಟಗೈತಾ? ಹುಳ ಹರಿದಂಗವೆ."

"ನನ್ ಕೈ ನನ್ನಿಷ್ಟ."

"ಕೈ ಅಲ್ಲ ಕಣಮ್ಮ, ನೀನೇ ನೆಟ್ಟಗಿಲ್ಲ. ಯಾಕಿಂಗೆ ಒದ್ದಾಡ್ತೀಯ?"

ಹೇಳಿಬಿಟ್ಟೆ. ತಿಪ್ಪೆಗೆ ಎಸೆದದ್ದು, ಈಗ ತಪ್ಪದೆ ತಿಂತಾಳೆ ಅಂದದ್ದು. ತಿಂದರೂ ಗುಣ ಆಗಲಿಲ್ಲ ಅಂದುಕೊಂಡು ಆಯಮ್ಮ ಇನ್ನೂ ಜೋರಾದ ಮಾತ್ರೆ ಬರೆದರೆ? ಅಥವಾ ಇದಕ್ಕೆ ಮದ್ದೇ ಇಲ್ಲ ಅಂದುಬಿಟ್ಟರೆ?

ಪಕ್ಕದವಳು ತನ್ನ ಬತ್ತಿ ಹೊಸೆಯುವುದು ನಿಲ್ಲಿಸಿದಳು. "ಒಳಗೋಗಿ ಹೇಳು."

"ತಂಗಿ ಮುಂದೆ ಹೆಂಗೆ ಹೇಳ್ಲಿ?"

"ಎಸ್ದೋಳು ನೀನು ಅಂತ ಅವ್ಳಿಗ್ ಗೊತ್ತಿಲ್ವಾ?" ಅಂದು ಕಾಲು ಮಡಿಸಿಕೊಂಡಳು.

ಬಾಗಿಲು ತಳ್ಳಿದೆ. ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕುತ್ತಿದ್ದಳು. ಗಂಡ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

"ಅಮ್ಮಾ, ಅವಳು ಮಾತ್ರೆ ತಿಂತಿಲ್ಲ. ಎರಡು ತಿಂಗಳಾಯ್ತು."

"ಗೊತ್ತಾಯ್ತು ಅಜ್ಜಿ. ತಾನೇ ಮರೆತುಬಿಟ್ಟೆ ಅಂದರು."

"ಅವಳು ಮರೀಲಿಲ್ಲ. ನಾನು ಎಸೆದೆ. ಹೊತ್ತೇರೋಗಂಟ ಮಲಗ್ತಾಳೆ ಅಂತ ಎಸೆದೆ."

ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಮೊದಮೊದಲು ಜಾಸ್ತಿ ನಿದ್ದೆ ಬರುತ್ತದೆ, ಆಮೇಲೆ ಹದಕ್ಕೆ ಬರುತ್ತದೆ, ಬರದಿದ್ದರೆ ಬದಲಾಯಿಸೋಣ, ನೀವಾಗಿ ನಿಲ್ಲಿಸಬೇಡಿ ಅಂದಳು. ಸದ್ಯಕ್ಕೆ ಒಬ್ಬಳನ್ನೇ ಬಿಡಬೇಡಿ ಅಂತ ಎರಡು ಸಲ ಹೇಳಿದಳು. ಮಾತ್ರೆ ಊರಿನ ಕೇಂದ್ರದಲ್ಲೇ ಸಿಗುತ್ತದೆ, ನರ್ಸಿಗೆ ತಿಳಿಸುತ್ತೇನೆ ಅಂದಳು.

ಫೋನಿನಲ್ಲಿ ಮುಖ ಹೋದ ಮೇಲೆ ತಂಗಿ ನನ್ನ ಕಡೆ ನೋಡಲಿಲ್ಲ. ನೆಲ ನೋಡಿಕೊಂಡೇ ಅಂದಳು: "ನಂಗೆ ಆ ನಿದ್ದೆ ಬೇಕಿತ್ತು ಕಣಕ್ಕ."

ತಟ್ಟೆ ಹಾಕಿದೆ. ಎರಡು ತುತ್ತು ತಿಂದಳು. ಮೂರನೆಯದಕ್ಕೆ ನಾನು ಬಲವಂತ ಮಾಡಲಿಲ್ಲ.

ಮಾರನೇ ಬೆಳಗ್ಗೆ ಪಕ್ಕದವಳನ್ನು ತಂಗಿಯ ಹತ್ತಿರ ಕೂರಿಸಿ ಮೊದಲನೇ ಬಸ್ಸು ಹಿಡಿದೆ. ಕೇಂದ್ರದ ಬಾಗಿಲು ತೆಗೆಯುವಷ್ಟರಲ್ಲಿ ಊರಿನ ಅರ್ಧ ಹೆಂಗಸರು ಸಾಲಿನಲ್ಲಿ ನಿಂತಿದ್ದರು. ಒಬ್ಬಳು ಕೇಳಿದಳು, "ಏನಕ್ಕ, ಶುಗರ್ ಮಾತ್ರೆಗಾ?"

"ಅಲ್ಲ, ಮನಸ್ಸಿನ ಮಾತ್ರೆಗೆ. ನನ್ ತಂಗಿದು. ನಾನೇ ಎಸ್ದಿದ್ದೆ, ಮತ್ತೆ ಈಸ್ಕೊಳ್ಳಕ್ಕೆ ಬಂದೀನಿ."

ಒಬ್ಬಳು ನಕ್ಕಳು, ನಗಲಿ. ನರ್ಸಮ್ಮ ಕೊಟ್ಟ ಪೊಟ್ಟಣ ಸೆರಗಿಗೆ ಗಂಟು ಹಾಕಿಕೊಂಡು ಮೈಸೂರಿನ ಬಸ್ಸಿಗೆ ಓಡಿದೆ.