ತಪ್ಪಿನ ಕೇಕು

ಬೋಡಿಲ್ ತೋರುಪ್ ಒಮ್ಮೆ ಲೆಕ್ಕ ಹಾಕಿ ಹೇಳಿದಳೆಂದರೆ ಮುಗಿಯಿತು, ಆಮೇಲೆ ಜಪ್ಪಯ್ಯ ಎಂದರೂ ಮಾತು ಬದಲಿಸುವವಳಲ್ಲ. ಆರ್ಹುಸ್‌ನಲ್ಲಿ ಸಂಖ್ಯಾಶಾಸ್ತ್ರ ಓದಿದ ಅವಳು ಮೊದಮೊದಲು, ಬಲೆಗೆ ಬಿದ್ದ ಹೆರಿಂಗ್ ಮೀನು ನೋಡಿ ಕಡಲಲ್ಲಿ ಉಳಿದದ್ದೆಷ್ಟು ಎಂದು ಅಂದಾಜು ಮಾಡುತ್ತಿದ್ದಳು. ಕಬ್ಬಿಣದ ಎರಕ ಪರೀಕ್ಷಿಸುವ ಕೆಲಸಕ್ಕೆ ಬಂದದ್ದು ಆಮೇಲೆ. "ಮೀನಾದ್ರೆ ಓಡಿ ಹೋಗತ್ತೆ, ಇದು ಇಟ್ಟಲ್ಲೇ ಇರತ್ತೆ" ಎನ್ನುತ್ತಿದ್ದಳು.

ಲಿಮ್‌ಫ್ಯೂರ್ಡ್ ಎಂಬ ಕಡಲ ಚಾಚಿನ ದಂಡೆಯಲ್ಲಿರುವ ಅವಳ ಕಾರ್ಖಾನೆಯಲ್ಲಿ ಗಾಳಿಯಂತ್ರದ ರೆಕ್ಕೆಗಳನ್ನು ನಡುವಿನಲ್ಲಿ ಹಿಡಿದಿಡುವ ದೊಡ್ಡ ಗುಂಬಗಳನ್ನು ಎರಕ ಹೊಯ್ಯುತ್ತಾರೆ. ಎರಕದ ಮೇಸ್ತ್ರಿ ವಿಲಾಡ್ಸ್. ಬೋಡಿಲ್ ಹೊಸದಾಗಿ ಬಂದಾಗ ಕುಲುಮೆಯ ಬಾಗಿಲಲ್ಲಿ ನಿಲ್ಲಿಸಿಕೊಂಡು, ಕಬ್ಬಿಣದ ಬಣ್ಣ ನೋಡಿ ಹದ ಹೇಳುವುದನ್ನು ಕಲಿಸಿದವನು ಅವನೇ. ಈಗ ನಿವೃತ್ತಿಯ ಹೊಸ್ತಿಲಲ್ಲಿ ಅವನು ಹೊಯ್ದ ಗುಂಬದ ಮೇಲೆಯೇ ಅವಳಿಗೆ ಅನುಮಾನ ಹುಟ್ಟಿತು.

"ಏನಿದೆ ಇದ್ರಲ್ಲಿ?" ಎಂದು ವಿಲಾಡ್ಸ್ ಸೂಕ್ಷ್ಮದರ್ಶಕದಲ್ಲಿ ಇಣುಕಿದ. ಗುಂಬದ ಅಂಚಿನಿಂದ ಕೊಯ್ದು ನುಣ್ಣಗೆ ಉಜ್ಜಿದ ತುಂಡಿನ ಮೇಲೆ ಇಂಗಾಲದ ಕರಿ ಚುಕ್ಕೆಗಳು. "ಇಷ್ಟಿಷ್ಟೇ ಚುಕ್ಕೆ. ಒಂದಕ್ಕೊಂದು ಮುಟ್ಟೂ ಇಲ್ಲ. ಇದಕ್ಕೆ ಹೆದರ್ತಾರಾ?"

"ನೀನು ನೋಡ್ತಿರೋದು ಬರೀ ಕೊಯ್ದ ಮುಖ. ಅದ್ರ ಹಿಂದೆ ಏನಿದೆ ಅಂತ ಕೇಳು."

ಅವಳು ಕಬ್ಬಿಣವನ್ನೇ ಕೇಳಿಬಿಟ್ಟಳು. ಕೂದಲೆಳೆಗಿಂತ ತೆಳ್ಳಗೆ ಹೆರೆದು ಚಿತ್ರ ತೆಗೆಯುವುದು, ಮತ್ತೆ ಹೆರೆಯುವುದು, ಮತ್ತೆ ಚಿತ್ರ. ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿದಾಗ ಬಿಡಿ ಚುಕ್ಕೆಗಳು ಬಿಡಿಯಾಗಿರಲಿಲ್ಲ, ಕವಲೊಡೆದು ಹೆಣೆದುಕೊಂಡ ಬೇರುಗಳಾಗಿದ್ದವು. ಅವು ಎಷ್ಟು ದೂರಕ್ಕೊಮ್ಮೆ ಕವಲೊಡೆಯುತ್ತವೆ, ಎತ್ತ ತಿರುಗುತ್ತವೆ ಎಂದು ಅಳೆದು, ಅದೇ ಅಳತೆಯಲ್ಲಿ ಗುಂಬದ ದಪ್ಪ ಹೊಟ್ಟೆಯನ್ನು ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಕಟ್ಟಿಸಿದಳು. ಒಂದು ಅಗುಳು ಹಿಚುಕಿದರೆ ಇಡೀ ಅನ್ನದ ಹದ ತಿಳಿಯುತ್ತದೆ ಎನ್ನುತ್ತೇವೆ. ತಳ ಹಿಡಿದ ಪಾತ್ರೆಗೆ ಆ ಮಾತು ಸಲ್ಲದು. ದಪ್ಪ ಕಬ್ಬಿಣ ನಡುವಿನಲ್ಲಿ ನಿಧಾನ ಆರುತ್ತದೆ, ಬೇರುಗಳು ಅಲ್ಲೇ ಸೊಕ್ಕುತ್ತವೆ. ಹಾಗೆ ಕಟ್ಟಿದ ಮಾದರಿಗಳಲ್ಲಿ ಹೆಚ್ಚುಪಾಲು ಒಂದೇ ಮಾತು ಹೇಳಿದವು: ಎಳೆದರೆ ಇಲ್ಲೇ ಬಿರಿಯುತ್ತದೆ.

"ಹೊಟ್ಟೆಯಿಂದ ಒಂದು ತುಂಡು ಕೊರೆದು ಎಳೆದು ನೋಡೋಣ" ಎಂದಳು.

"ನೋಡು. ಶುಕ್ರವಾರದ ಕೇಕು ನಿಂದೇ. ಬೆಣ್ಣೆ ಕಂಜೂಸಿ ಮಾಡ್ಬೇಡ." ತಪ್ಪು ಮಾಡಿದವರು ಆ ಶುಕ್ರವಾರ ಎಲ್ಲರಿಗೂ ಕೇಕು ತರುವುದು ಅಲ್ಲಿಯ ರೂಢಿ.

ಕಬ್ಬಿಣದ ಬಗ್ಗೆ ಅವಳಿಗೆ ಅಳುಕಿರಲಿಲ್ಲ. ವಿಲಾಡ್ಸ್ ಬಗ್ಗೆ ಇತ್ತು. ತನ್ನ ಮಾತು ನಿಜವಾದರೆ ಅವನ ಕೊನೆಯ ದೊಡ್ಡ ಎರಕ ಕುಲುಮೆಗೆ ಹೋಗುತ್ತದೆ. ಜೊತೆಗೆ ಅವನ ಸ್ನೇಹವೂ ಹೋದರೆ? ಹಾಗೆಂದು ಬಾಯಿ ಮುಚ್ಚಿಕೊಳ್ಳುವ ಹೆಂಗಸಲ್ಲ ಅವಳು. ಆ ಗುಂಬದ ಕೆಳಗೆ ನಾಳೆ ಜನ ಓಡಾಡುತ್ತಾರೆ.

ಯಂತ್ರಕ್ಕೆ ಕಚ್ಚಿಸಿ ಎಳೆದಾಗ ತುಂಡು ಹಿಗ್ಗಲೇ ಇಲ್ಲ, ಪಟ್ಟನೆ ಮುರಿಯಿತು. ಮುರಿದ ಮುಖ ಮಸಿ ಬಳಿದಂತೆ ಕಪ್ಪಗಿತ್ತು. ವಿಲಾಡ್ಸ್ ಅದನ್ನು ಕೈಯಲ್ಲಿ ಹಿಡಿದು ನೋಡಿದ, ಟೋಪಿ ಹಾಕಿಕೊಂಡು ಹೊರಟುಹೋದ. ಗುಂಬವನ್ನು ಒಡೆದು ಕರಗಿಸಿದರು. ಅವನು ಊಟದ ಕೋಣೆಗೂ ಬರಲಿಲ್ಲ. ರೈ ಬ್ರೆಡ್ಡನ್ನು ಕುಲುಮೆಯ ಪಕ್ಕದಲ್ಲೇ ತಿಂದ.

ಶುಕ್ರವಾರ ಅವನು ಊಟದ ಕೋಣೆಗೆ ಬಂದ, ಕೆನೆ ತುಂಬಿದ ಉದ್ದನೆಯ ಕೇಕು ಹಿಡಿದುಕೊಂಡು. ತುದಿಯಿಂದ ಒಂದು ಹೋಳು ಕೊಯ್ದು ಅವಳ ತಟ್ಟೆಗೆ ಹಾಕಿದ.

"ಏನು ಕಾಣತ್ತೆ?"

"ಕೆನೇಲಿ ಕರಿ ಚುಕ್ಕೆ."

"ಒಂದಕ್ಕೊಂದು ಮುಟ್ಟಿದ್ಯಾ?"

"ಇಲ್ಲ."

ಅವನು ಉಳಿದ ಕೇಕಿನೊಳಗೆ ಬೆರಳು ತೂರಿಸಿ ಎಳೆದ. ಒಳಗೇ ಗಂಟು ಹಾಕಿಟ್ಟ ಜ್ಯೇಷ್ಠಮಧುವಿನ ಕರಿ ಮಿಠಾಯಿ ಹುರಿಗಳ ಗೊಂಚಲು ಹೊರಬಂತು, ಕೇಕು ಮೇಜಿನ ತುಂಬ ಕುಸಿಯಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನೀನು ಹೇಳಿದ್ದು ಇದೇ ತಾನೆ?"

"ಇದೇ" ಎಂದಳು ಬೋಡಿಲ್. ಕಣ್ಣು ತುಂಬಿತ್ತು.

"ಹಾಗಾದ್ರೆ ಸೋಮವಾರ ಬೇಗ ಬಾ. ಮುಂದಿನ ಗುಂಬದ ಹೊಟ್ಟೆ ಬೇಗ ಆರೋ ಹಾಗೆ ಅಚ್ಚು ಕಟ್ಟಬೇಕು. ಅದನ್ನ ಕೂತು ನೋಡ್ಕೊಂಡೇ ನಾನು ನಿವೃತ್ತಿ ಆಗಿ ಮನೆಗೆ ಹೋಗೋದು."