ಮಂಚದ ಮಾಮ ಅಂಗಡಿ ಬಿಟ್ಟು ಹೊರಟದ್ದು

ಮಂಚದ ಮಾಮ ಯಾರ ಮನೆಗೆ ಹೋದರೂ ಮೊದಲು ನೋಡುವುದು ಬಾಗಿಲಿನ ಅಗಲವನ್ನು. ಆಮೇಲೆ ಮೆಟ್ಟಿಲು, ಆಮೇಲೆ ಮನೆಯವರ ಮುಖ. ಹೊಸ ಮನೆ ಕಟ್ಟಿಸಿದವರು ಹೆಮ್ಮೆಯಿಂದ ಕರೆದು ತೋರಿಸಿದರೆ, "ಚೆನ್ನಾಗಿದೆ, ಆದ್ರೆ ಈ ಮೂಲೇಲಿ ಮಂಚ ತಿರುಗಲ್ಲ" ಎಂದು ಹೇಳಿ ಬರುತ್ತಾರೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇವತ್ತಲ್ಲ ನಾಳೆ ಆ ಮನೆಗೂ ಅವರು ಬೇಕಾಗುತ್ತಾರೆ.

ಕಾಯಿಲೆಯವರಿಗೆ ಬೇಕಾದ ಸಾಮಾನನ್ನು ಬಾಡಿಗೆಗೆ ಕೊಡುವುದು ಅವರ ಕಸುಬು. ಹ್ಯಾಂಡಲ್ ತಿರುಗಿಸಿದರೆ ತಲೆಯ ಕಡೆ ಮೇಲೇಳುವ ಆಸ್ಪತ್ರೆ ಮಂಚ, ವೀಲ್‌ಚೇರು, ವಾಕರ್, ಊರುಗೋಲು. ಅದೇ ಕಟ್ಟಡದ ಮಹಡಿಯಲ್ಲಿ ನಾನು ಕಂಪ್ಯೂಟರ್ ತರಗತಿ ನಡೆಸುತ್ತೇನೆ. ಅವರು ನನಗೆ ನೆಂಟರೇನಲ್ಲ. ಬೀದಿಗೆಲ್ಲ ಅವರು ಮಾಮ, ಅವರ ಹೆಂಡತಿ ಬೀದಿಗೆಲ್ಲ ಅತ್ತೆ, ನಾನು ಇಬ್ಬರಿಗೂ ಟೀಚರಮ್ಮ. ಮೂಗಿನ ತುದಿಯಲ್ಲೇ ಕೋಪ ಇರೋ ಟೀಚರಮ್ಮ ಎಂದು ಅತ್ತೆ ಸೇರಿಸುತ್ತಾರೆ. ಅದು ಸುಳ್ಳಲ್ಲ.

ಮಾಮ ಊರು ಬಿಟ್ಟು ಹೋದದ್ದನ್ನು ನಾನು ನೋಡಿರಲೇ ಇಲ್ಲ. ಯಾವ ಮಂಚ ಯಾರ ಮನೆಯಲ್ಲಿದೆ, ಯಾವಾಗ ವಾಪಸ್ ಬರುತ್ತದೆ ಎಂಬುದೆಲ್ಲ ಅಂಗಡಿಯ ಮೂಲೆಯ ಹಳೆಯ ಕಂಪ್ಯೂಟರಿನಲ್ಲಿತ್ತು. ಅವರ ರೋಗಿಗಳಿಗಿಂತ ಹೆಚ್ಚು ಏದುಸಿರು ಬಿಡುತ್ತಿದ್ದ ಯಂತ್ರ ಅದು. ಅದನ್ನು ತೆರೆಯುವುದು ಮಾಮನಿಗೆ ಮಾತ್ರ ಗೊತ್ತು. "ನಾನು ಹೋದ ಹೊತ್ತಿಗೇ ಯಾರಾದ್ರೂ ಬಂದ್ರೆ? ನೆಲದ ಮೇಲೆ ಮಲಗು ಅಂತ ಹೇಳಕ್ಕಾಗತ್ತಾ?" ಎನ್ನುವುದು ಅವರ ಸಿದ್ಧ ಉತ್ತರ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ಅತ್ತೆಯ ಸಿದ್ಧ ಗೊಣಗು.

ಹೀಗಿರುವಾಗ ಮಾಮನ ಅಕ್ಕ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವರು ಅವರೇ. ಇದ್ದದ್ದು ಮಾತ್ರ ರೈಲಿನಲ್ಲಿ ಒಂದು ಹಗಲಿನ ದಾರಿಯ ದೊಡ್ಡ ಊರಿನಲ್ಲಿ. ದಿನಾ ಫೋನಿನಲ್ಲಿ ಮಾತು. ಒಂದು ದಿನ ನಾನು ಅಂಗಡಿಯಲ್ಲಿದ್ದಾಗಲೇ ಸ್ಪೀಕರಿನಲ್ಲಿ ಅವರ ಸಣ್ಣ ದನಿ ಕೇಳಿಸಿತು.

"ಊರೋರಿಗೆಲ್ಲ ಮಂಚ ಕೊಟ್ಟೆ ಕಣೋ. ನನ್ನ ಒಂದ್ಸಲ ಬಂದು ನೋಡಕ್ಕಾಗಲ್ವಾ? ಮುಖ ಗುರುತು ಸಿಗೋವಾಗ್ಲೇ ಬಾ."

ಮಾಮ ಆಗಲೇ ಒರೆಸಿ ಮುಗಿಸಿದ್ದ ವೀಲ್‌ಚೇರಿನ ಚಕ್ರವನ್ನು ಮತ್ತೆ ಒರೆಸಲು ಕೂತರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. "ಮೇಲೆ ಬನ್ನಿ ಮಾಮ. ನಿಮ್ಮನ್ನ ಆ ಕಂಪ್ಯೂಟರ್ ಡಬ್ಬಕ್ಕೆ ಕಟ್ಟಿರೋ ಹಗ್ಗ ಬಿಚ್ತೀನಿ" ಎಂದೆ.

ಖಾಲಿ ತರಗತಿಯಲ್ಲಿ ಮುಂದಿನ ಬೆಂಚಿನ ಮೇಲೆ ಕೈಕಟ್ಟಿ ಕೂತರು. ನಾನು ಕ್ಲೌಡ್ ಕಂಪ್ಯೂಟಿಂಗ್ ಎಂಬ ಹೆಸರು ಬೋರ್ಡಿನ ಮೇಲೆ ಬರೆದೆ. ಮೋಡ ಎಂಬುದು ಹೆಸರಿಗೆ ಮಾತ್ರ, ಎಲ್ಲವೂ ನೆಲದ ಮೇಲೇ ಇದೆ ಎಂದೆ. ಎಲ್ಲೋ ದೂರದ ದೊಡ್ಡ ಕಟ್ಟಡಗಳಲ್ಲಿ ಸಾವಿರಾರು ಕಂಪ್ಯೂಟರುಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಅವಕ್ಕೆ ಕರೆಂಟು, ತಂಪು ಗಾಳಿ, ಕಾವಲು, ರಿಪೇರಿ ಎಲ್ಲ ಅವುಗಳ ಯಜಮಾನರ ತಲೆನೋವು. ನಾವು ಇಂಟರ್‌ನೆಟ್ ಮೂಲಕ ಅವುಗಳಲ್ಲಿ ಬೇಕಾದಷ್ಟು ಜಾಗ, ಬೇಕಾದಷ್ಟು ಶಕ್ತಿ ಬಾಡಿಗೆಗೆ ತೆಗೆದುಕೊಳ್ಳುತ್ತೇವೆ. ಒಂದು ಯಂತ್ರ ಕೆಟ್ಟರೂ ನಮ್ಮದು ಉಳಿಯಲಿ ಎಂದು ಬೇರೆ ಯಂತ್ರಗಳಲ್ಲೂ ಪ್ರತಿ ಇಟ್ಟಿರುತ್ತಾರೆ.

"ಬಾಡಿಗೆ" ಎಂಬ ಮಾತು ಕಿವಿಗೆ ಬಿದ್ದದ್ದೇ ಮಾಮ ನೆಟ್ಟಗೆ ಕೂತರು. "ಯಾವ ತರದ ಬಾಡಿಗೆ ಟೀಚರಮ್ಮ? ನನ್ನ ಹತ್ರಾನೇ ಮೂರು ತರ ಇದೆ."

"ಯಾವ ಮೂರು?"

"ಕೆಲವರು ಬರೀ ಮಂಚ ತಗೊಂಡು ಹೋಗ್ತಾರೆ. ಹಾಸಿಗೆ, ಗ್ಲೂಕೋಸ್ ಸ್ಟ್ಯಾಂಡು, ನೋಡ್ಕೊಳ್ಳೋ ಜನ ಎಲ್ಲ ಅವರದ್ದೇ. ಕೆಲವರ ಮನೆಗೆ ನಾನೇ ಹೋಗಿ ಮಂಚ ಜೋಡಿಸಿ, ಹಾಸಿಗೆ ಹಾಸಿ, ಸ್ಟ್ಯಾಂಡು ನಿಲ್ಲಿಸಿ ಬರ್ತೀನಿ. ಅವರು ಆರೈಕೆ ಒಂದು ಮಾಡ್ಕೊಂಡ್ರೆ ಸಾಕು. ಇನ್ನು ಕೆಲವರಿಗೆ ನರ್ಸಮ್ಮನ್ನೂ ಕಳಿಸ್ತೀನಿ. ರೋಗಿ ಸುಮ್ನೆ ಮಲಗಿದ್ರೆ ಆಯ್ತು."

ನಾನು ಚಾಕ್ ಹಿಡಿದು ಹಾಗೇ ನಿಂತೆ. ವರ್ಷಗಟ್ಟಲೆ ಇದೇ ವಿಷಯಕ್ಕೆ ಬೋರ್ಡಿನ ಮೇಲೆ ತ್ರಿಕೋನ ಬರೆದು, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಒದರಿದ್ದೆ. ಕ್ಲೌಡಿನಲ್ಲೂ ಸೇವೆ ಮೂರು ಬಗೆ. ಬರೀ ಯಂತ್ರವನ್ನು ಬಾಡಿಗೆಗೆ ತೆಗೆದುಕೊಂಡು ಮಿಕ್ಕದ್ದೆಲ್ಲ ನಾವೇ ಹಾಕಿಕೊಳ್ಳುವುದು ಒಂದು. ಅದು ಬರೀ ಮಂಚ. ಯಂತ್ರದ ಜೊತೆಗೆ ಅದನ್ನು ನಡೆಸುವ ಏರ್ಪಾಡೂ ಸಿದ್ಧವಾಗಿದ್ದು, ನಮ್ಮ ಪ್ರೋಗ್ರಾಮನ್ನು ಮಾತ್ರ ನಾವು ಬರೆದು ಕೂರಿಸುವುದು ಇನ್ನೊಂದು. ಅದು ಹಾಸಿ ಜೋಡಿಸಿದ ಮಂಚ. ಎಲ್ಲವೂ ತಯಾರಿದ್ದು, ತೆರೆದು ಬಳಸುವುದಷ್ಟೇ ನಮ್ಮ ಕೆಲಸವಾಗಿರುವುದು ಮೂರನೆಯದು. ಮೇಲ್ ಕಳಿಸುವವರು, ಫೋಟೋ ಇಡುವವರು ಎಲ್ಲ ದಿನಾ ಬಳಸುವುದು ಅದನ್ನೇ.

"ನನಗೆ ನರ್ಸಮ್ಮ ಇರೋದೇ ಕೊಡಿ" ಎಂದರು ಮಾಮ. ಆಮೇಲೆ ಅನುಮಾನ ಬಂತು. "ನಾಳೆ ಮಂಚ ಜಾಸ್ತಿ ಆದ್ರೆ ಜಾಗ ಸಾಲುತ್ತಾ? ಹಾಸಿಗೆ ಇದ್ದಷ್ಟೇ ತಾನೇ ಕಾಲು ಚಾಚಬೇಕು?"

"ಅಲ್ಲಿ ಗಾದೆ ತಿರುಗಾಮುರುಗಾ ಮಾಮ. ಕಾಲು ಚಾಚಿದಷ್ಟೂ ಹಾಸಿಗೆ ಬೆಳೆಯತ್ತೆ. ಮಡಚಿಕೊಂಡ್ರೆ ಚಿಕ್ಕದಾಗತ್ತೆ. ಬಳಸಿದಷ್ಟಕ್ಕೆ ಬಾಡಿಗೆ."

ಮಾಮ ಬಾಯಿತುಂಬ ನಕ್ಕರು. ಅಂಥ ಮಂಚ ಒಂದಿದ್ದರೆ ತಾನು ಯಾವತ್ತೋ ಸಾಹುಕಾರ ಆಗುತ್ತಿದ್ದೆ ಎಂದರು.

ಹಳೆಯ ಕಂಪ್ಯೂಟರಿನಲ್ಲಿದ್ದುದನ್ನು ಕ್ಲೌಡಿನ ಹೊಸ ಪಟ್ಟಿಗೆ ಸಾಗಿಸುವಾಗ ನಮಗಿಬ್ಬರಿಗೂ ಜಗಳವಾಯಿತು. ಪಟ್ಟಿಯ ತಲೆಯಲ್ಲೇ ಒಂದಷ್ಟು ಸಾಲುಗಳು "ವಾಪಸ್ ಬಂದಿಲ್ಲ" ಎಂದು ವರ್ಷಗಳಿಂದ ಕೊಳೆಯುತ್ತಿದ್ದವು. ರೋಗಿಯನ್ನು ಮಂಚದಿಂದ ಇಳಿಸಲಾಗದೆ ಮಂಚದ ಸಮೇತ ಬೇರೆ ಊರಿಗೆ ಹೋದ ಮನೆಗಳು ಅವು. ಕಸ ಯಾಕೆ ಹೊರಬೇಕು, ಅಳಿಸೋಣ ಎಂದೆ. ಮಾಮ ಮೌಸಿನ ಮೇಲೆ ಅಂಗೈ ಮುಚ್ಚಿಟ್ಟರು. "ಕೊಟ್ಟ ಮಂಚ ಎಲ್ಲಿದೆ ಅನ್ನೋದನ್ನೇ ಮರೆತ್ರೆ ನಾನು ಮಂಚದವನಲ್ಲ, ಗುಜರಿಯವನು." ಅಳಿಸಲಿಲ್ಲ. ಹಾಗಂತ ವಾಪಸ್ ತಾರೀಕಿನ ವಿಷಯದಲ್ಲಿ ಮಾಮ ಮೆತ್ತಗಿನವರಲ್ಲ. ತಾರೀಕು ಬರೆಯದೆ ಊರುಗೋಲನ್ನೂ ಹೊರಗೆ ಬಿಡುವುದಿಲ್ಲ. ಒಬ್ಬರು ಸುಮ್ಮನೆ ಇಟ್ಟುಕೊಂಡರೆ ಇನ್ನೊಬ್ಬರು ನೆಲ ಕಾಣಬೇಕಾಗುತ್ತದೆ ಎಂಬುದು ಅವರ ನ್ಯಾಯ.

ಪಾಸ್‌ವರ್ಡನ್ನು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಲು ಹೊರಟವರನ್ನು ತಡೆದೆ. ಕಟ್ಟಡ ಕಾಯುವುದು ಕ್ಲೌಡಿನವರ ಕೆಲಸ, ಬೀಗದ ಕೈ ಕಾಯುವುದು ನಮ್ಮ ಕೆಲಸ ಎಂದು ಗದರಿದೆ. ಅತ್ತೆಯ ಫೋನಿನಲ್ಲೂ ಪಟ್ಟಿ ಕಾಣುವ ಹಾಗೆ ಮಾಡಿದೆ. ಅತ್ತೆ ಫೋನು ಹಿಡಿದು ರಸ್ತೆಯ ಆಚೆ ನಿಂತರು. ಅಂಗಡಿಯಲ್ಲಿ ಮಾಮ ಒಂದು ವಾಕರ್ ಬರೆದದ್ದೇ ಅತ್ತೆ ಅಲ್ಲಿಂದಲೇ "ಬಂತು!" ಎಂದು ಕೂಗಿದರು. ಮಾಮ ನಂಬದೆ ತಾವೇ ರಸ್ತೆ ದಾಟಿ ಹೋಗಿ ನೋಡಿದರು.

"ಹಾಗಾದ್ರೆ ಅಕ್ಕನ ಮನೆಯಿಂದ್ಲೂ ಕಾಣತ್ತೆ" ಎಂದರು. ಮರುದಿನವೇ ರೈಲು ಹತ್ತಿದರು.

ಅಕ್ಕನಿಗೆ ತಮ್ಮನ ಗುರುತು ಸಿಕ್ಕಿತು. ಕೆನ್ನೆ ಸವರಿ, "ತಲೆಯೆಲ್ಲ ಬೋಳಾಯ್ತಲ್ಲೋ" ಎಂದರಂತೆ. ಆದರೆ ಮಾಮ ಹೋಗಿ ಕಂಡದ್ದು ಬೇರೆಯೇ ಸಂಕಟ. ಅಕ್ಕ ತಗ್ಗಾದ ಮರದ ಮಂಚದ ಮೇಲೆ ಅಂಗಾತ ಮಲಗಿದ್ದರು. ಎಬ್ಬಿಸಿ ಕೂರಿಸಲು ಆಗುತ್ತಿರಲಿಲ್ಲ. ಮಲಗಿದಲ್ಲೇ ಬಾಯಿಗೆ ಹಾಕಿದ ಒಂದೊಂದು ಚಮಚ ನೀರಿಗೂ ಕೆಮ್ಮು. ತಲೆಯ ಕಡೆ ಎತ್ತರ ಮಾಡಿ ಕೂರಿಸಿಯೇ ಉಣಿಸಬೇಕು, ಇಲ್ಲದಿದ್ದರೆ ಅನ್ನ ನೀರು ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ಆ ಊರಿನ ಬಾಡಿಗೆ ಅಂಗಡಿಗಳಲ್ಲಿ ಒಂದೂ ಮಂಚ ಖಾಲಿ ಇರಲಿಲ್ಲ. ಊರಿಗೆಲ್ಲ ಮಂಚ ಹಂಚಿದವನ ಅಕ್ಕನಿಗೇ ಮಂಚವಿಲ್ಲ. ಮಾಮ ತಲೆಯ ಮೇಲೆ ಕೈ ಹೊತ್ತು ಕೂತರು.

ಆಗ ನೆನಪಾಯಿತು. "ವಾಪಸ್ ಬಂದಿಲ್ಲ" ಎಂಬ ಮಂಚಗಳಲ್ಲಿ ಒಂದೆರಡು ಇದೇ ಊರಿನ ದೊಡ್ಡ ಆಸ್ಪತ್ರೆಯ ಕಡೆಗೆ ಬಂದಿದ್ದವು. ವಿಳಾಸ ಪಟ್ಟಿಯಲ್ಲಿತ್ತು. ಫೋನು ತೆರೆದು ನೋಡಿದರೆ ಆ ಸಾಲುಗಳೇ ಇಲ್ಲ.

ನನಗೆ ಕರೆ ಬಂತು. "ಟೀಚರಮ್ಮ, ನಿಮ್ಮ ನರ್ಸಮ್ಮ ನನ್ನ ಮಂಚಗಳನ್ನ ನುಂಗಿಬಿಟ್ಲು!" ನಾನು ಮೆಟ್ಟಿಲಿಳಿದು ಅಂಗಡಿಗೆ ಓಡಿದೆ. ಕೇಳುವ ಮೊದಲೇ ಅತ್ತೆ, "ನಾನೇನೂ ಮಾಡಿಲ್ಲಪ್ಪ" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಅತ್ತೆ, ಏನು ಅಳಿಸಿದ್ರಿ?"

"ಆ ಸತ್ತ ಮಂಚಗಳು ಕಣೇ. ಪಟ್ಟಿ ತಳ್ಳಿ ತಳ್ಳಿ ಹೆಬ್ಬೆರಳು ನೋವು ಬಂದಿತ್ತು. ನನ್ನ ಫೋನಲ್ಲಿರೋದನ್ನ ತಾನೇ ತೆಗೆದದ್ದು? ಅವರದ್ದು ಅವರ ಫೋನಲ್ಲಿ ಇರಲ್ವಾ?"

"ಅವರದ್ದು ಬೇರೆ, ನಿಮ್ಮದು ಬೇರೆ ಅಂತ ಇಲ್ಲ ಅತ್ತೆ! ಇರೋದು ಒಂದೇ ಪಟ್ಟಿ. ಒಂದೇ ಕೋಣೆಗೆ ಎರಡು ಕಿಟಕಿ. ಈ ಕಿಟಕಿಯಿಂದ ಕೈ ಹಾಕಿ ತೆಗೆದ್ರೆ ಆ ಕಿಟಕಿಗೆ ಎಲ್ಲಿ ಕಾಣತ್ತೆ?"

"ಅಯ್ಯೋ, ಅವರ ಅಕ್ಕನಿಗೆ ನಾನೇ ಅಡ್ಡ ಬಂದ ಹಾಗಾಯ್ತಲ್ಲ" ಎಂದು ಅತ್ತೆ ಅಳಲು ಶುರುಮಾಡಿದರು. ನನ್ನ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ಅವರು ಮಾಡಿದ್ದು ಮನೆ ಗುಡಿಸುವವರು ಮಾಡುವ ತಪ್ಪು, ಕೆಟ್ಟದ್ದಲ್ಲ.

ಪುಣ್ಯಕ್ಕೆ ಇಂಥ ಸೇವೆಗಳಲ್ಲಿ ಪಟ್ಟಿ ಮೊದಲು ಹೇಗಿತ್ತು ಎಂಬುದರ ಹಳೆಯ ರೂಪಗಳನ್ನೂ ಇಟ್ಟಿರುತ್ತಾರೆ. ಅತ್ತೆ ಅಳಿಸುವ ಮುಂಚಿನ ರೂಪವನ್ನು ಹುಡುಕಿ ತೆರೆದೆ. ಪೂರ್ತಿ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿದರೆ ಆಮೇಲೆ ಅತ್ತೆ ಬರೆದ ಬಾಡಿಗೆಗಳು ಹೋಗುತ್ತವೆ. ಹಾಗಾಗಿ ಕಳೆದುಹೋದ ಸಾಲುಗಳನ್ನಷ್ಟೇ ಎತ್ತಿ ತಂದು ಹೊಸ ಪಟ್ಟಿಗೆ ಸೇರಿಸಿದೆ. ಫೋನಿನ ಆ ಕಡೆ ಮಾಮ ಒಂದೊಂದೇ ವಿಳಾಸ ಓದುತ್ತಿದ್ದರು. ಓದು ನಿಂತಿತು.

"ಸಿಕ್ತು. ಅಕ್ಕನ ಮನೆ ಹಿಂದಿನ ಬೀದಿ" ಎಂದು ಫೋನ್ ಇಟ್ಟರು.

ಆ ಮನೆಯಲ್ಲಿ ಅಜ್ಜಿ ತೀರಿಕೊಂಡು ವರ್ಷಗಳಾಗಿದ್ದವು. ಮಂಚದ ಕಂಬಿಯ ಮೇಲೆ ಟವೆಲ್ಲು ಒಣಗುತ್ತಿತ್ತು. ಬಾಗಿಲಲ್ಲಿ ಮಾಮನನ್ನು ಕಂಡು ಮನೆಯ ಮಗ ನಾಚಿಕೆಯಿಂದ ಮೊದಲು ಆ ಟವೆಲ್ಲನ್ನು ಎಳೆದು ತೆಗೆದನಂತೆ. "ಬೈಯಕ್ಕೆ ಬಂದಿಲ್ಲಪ್ಪ. ನಿಮ್ಮಜ್ಜಿ ನೆಮ್ಮದಿಯಾಗಿ ಮಲಗಿದ್ರು ತಾನೇ?" ಎಂದು ಮಾಮ ಕೇಳಿದ್ದಕ್ಕೆ ಆತ ಅತ್ತುಬಿಟ್ಟು, ಮಂಚದ ಒಂದು ತುದಿಯನ್ನು ತಾನೇ ಹೊತ್ತು ಬಂದನಂತೆ. ಇದನ್ನೆಲ್ಲ ಮಾಮ ಆಮೇಲೆ ಹೇಳಿದರು.

ಆ ಸಂಜೆ ನಾನು, ಅತ್ತೆ ಇಬ್ಬರೂ ಅಂಗಡಿಯ ಕಂಪ್ಯೂಟರ್ ಮುಂದೆ ಕೂತಿದ್ದೆವು. ಫೋನ್ ಮಾಡಲು ಇಬ್ಬರಿಗೂ ಧೈರ್ಯವಿಲ್ಲ. ಪರದೆಯ ಮೇಲೆ ಪಟ್ಟಿಯ ಒಂದು ಚೌಕದ ಸುತ್ತ ಬಣ್ಣದ ಗೆರೆ ಮೂಡಿತು. ಅಷ್ಟು ದೂರದ ಊರಿನಲ್ಲಿ ಮಾಮ ತಮ್ಮ ಫೋನಿನಲ್ಲಿ ಆ ಚೌಕವನ್ನು ಮುಟ್ಟಿದ್ದರು. ತೀರಿಕೊಂಡ ಅಜ್ಜಿಯ ಸಾಲಿನ ಕೊನೆಯಲ್ಲಿ "ವಾಪಸ್ ಬಂದಿದೆ" ಎಂದು ಬಂತು. ಕೆಳಗೆ ಹೊಸ ಸಾಲು, ಅದೇ ಮಂಚ. ರೋಗಿಯ ಹೆಸರಿನ ಜಾಗದಲ್ಲಿ "ಅಕ್ಕ" ಎಂದಷ್ಟೇ ಬಂತು. ಸ್ಥಿತಿಯ ಜಾಗದಲ್ಲಿ "ಒರಗಿ ಕೂತು ಗಂಜಿ ಕುಡಿದಳು" ಎಂದು ಬಂತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಣ್ಣದ ಗೆರೆ ಕೊನೆಯ ಚೌಕಕ್ಕೆ, ವಾಪಸ್ ತಾರೀಕಿಗೆ ಸರಿಯಿತು. ಅಲ್ಲೇ ನಿಂತಿತು. ತುಂಬ ಹೊತ್ತಾದರೂ ಏನೂ ಬರಲಿಲ್ಲ.

"ತಾರೀಕು ಹಾಕದೆ ಬಿಡೋರಲ್ಲ ಇವರು" ಎಂದರು ಅತ್ತೆ. "ಏನು ಹಾಕ್ತಾರೋ ನೋಡೋಣ."

ಮಾಮ ಬರೆದರು: "ಅವಸರವಿಲ್ಲ."