ಪರದೇಶದ ಹೊಲಗಳಿಗೆ ಬದು ಎಳೆದವಳು

ಮದುವೆಗೆ ಮುಂಚೆ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವಳಾದ್ದರಿಂದ ಕಚೇರಿಯಲ್ಲೂ ಅವಳಿಗೆ ‘ದರ್ಜಿ’ ಎಂಬ ಹೆಸರೇ ಅಂಟಿಕೊಂಡಿತು. ಕಚೇರಿ ಎಂದರೆ ಟೈರ್ ಅಂಗಡಿಯ ಮೇಲಿನ ಉದ್ದನೆಯ ಕೋಣೆ. ರಬ್ಬರ್ ವಾಸನೆ ಮೆಟ್ಟಿಲು ಹತ್ತಿ ಒಳಗೆ ಬರುತ್ತಿತ್ತು. ಬಿಸಿಲು ಬೀಳದಂತೆ ಕಿಟಕಿಗಳಿಗೆ ನೀಲಿ ಪರದೆ. ಆ ನೀಲಿ ನೆರಳಿನಲ್ಲಿ ಒಂದಷ್ಟು ಹೆಂಗಸರು ಕಂಪ್ಯೂಟರ್ ಮುಂದೆ ಕುಳಿತು, ಆಕಾಶದಿಂದ ತೆಗೆದ ಹೊಲಗಳ ಚಿತ್ರಗಳ ಮೇಲೆ ಗೆರೆ ಎಳೆಯುತ್ತಿದ್ದರು. ಯಾವ ಹೊಲ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಇವರು ತೋರಿಸಿಕೊಟ್ಟರೆ, ಗೆರೆಯೊಳಗಿನ ಹಸಿರನ್ನು ಯಂತ್ರ ಓದಿ, ನೀರು ಯಾವಾಗ ಬಿಡಬೇಕು, ರೋಗ ಎಲ್ಲಿ ತಗುಲಿದೆ ಎಂದು ಆ ಹೊಲದವರ ಮೊಬೈಲಿಗೆ ಸಂದೇಶ ಕಳಿಸುತ್ತಿತ್ತು.

ನಾದಿನಿ ಕರೆತಂದು ಕೂರಿಸಿದ ಮೊದಲ ದಿನ ಅವಳಿಗೆ ಕಂಡದ್ದು ಹೊಲವಲ್ಲ, ಬಟ್ಟೆ. ಒಂದು ದೇಶದ ಹೊಲಗಳು ಮರಳಿನ ಮೇಲೆ ಹೊಲಿದ ದುಂಡನೆಯ ಗುಂಡಿಗಳು. ಇನ್ನೊಂದರವು ನದಿಯ ಪಕ್ಕ ಬಿಚ್ಚಿಟ್ಟ ರಿಬ್ಬನ್. ಬೆಟ್ಟದ ದೇಶದವು ನೆರಿಗೆ ನೆರಿಗೆ. ಮಧ್ಯಾಹ್ನ ಫ್ಯಾನಿನ ಗುಂಯ್‌ಗುಟ್ಟುವಿಕೆಗೆ ಜೋಂಪು ಹತ್ತಿದರೆ, ತಾನೇ ಹಗುರಾಗಿ ಮೇಲೆ ತೇಲುತ್ತಿರುವಂತೆ, ತನ್ನ ನೆರಳು ಪೈರಿನ ಮೇಲೆ ಜಾರುತ್ತಿರುವಂತೆ ಅನ್ನಿಸುತ್ತಿತ್ತು.

“ಎಲ್ಲಿದ್ದೀಯೇ?” ಎಂದು ನಾದಿನಿ ಮೊಣಕೈಯಿಂದ ತಿವಿಯುತ್ತಿದ್ದಳು.

“ಸಮುದ್ರ ದಾಟಿ ಹೋಗಿದ್ದೆ ಕಣೇ, ಈಗ ತಾನೇ ಬಂದೆ.”

ಅಂಥ ಒಂದು ಜೋಂಪಿನ ಮಧ್ಯಾಹ್ನವೇ ಎಡವಟ್ಟಾದದ್ದು. ಬೆಟ್ಟದ ದೇಶದಲ್ಲಿ ಒಂದರ ಕೆಳಗೊಂದು ಎರಡು ಹೊಲ. ನಡುವಿನ ಬದು ಹುಲ್ಲಿನಲ್ಲಿ ಮುಚ್ಚಿಹೋಗಿತ್ತು. ಎರಡನ್ನೂ ಸೇರಿಸಿ ಒಂದೇ ಗೆರೆ ಎಳೆದುಬಿಟ್ಟಳು.

ಕೆಲವು ವಾರ ಕಳೆದ ಮೇಲೆ ಮೇಲ್ವಿಚಾರಕ ಅವಳ ಕುರ್ಚಿಯ ಹಿಂದೆ ಬಂದು ನಿಂತ. “ದರ್ಜಿಯಮ್ಮ, ಒಂದು ಫಜೀತಿ ಆಗಿದೆ. ಇಬ್ಬರಿಗೆ ಸೇರಿಸಿ ಒಂದೇ ಅಂಗಿ ಹೊಲಿದುಬಿಟ್ಟಿದ್ದೀರ.”

ಅವಳು ಬೆಟ್ಟದ ಆ ಎರಡು ಹೊಲಗಳ ಚಿತ್ರ ತೆರೆದಳು. ಆ ಹೊಲಗಳ ಒಡೆಯರು ಷಡ್ಡಕರಂತೆ. ಅಕ್ಕತಂಗಿಯರನ್ನು ಮದುವೆಯಾದವರು, ವರ್ಷಗಳಿಂದ ಮಾತು ಬಿಟ್ಟವರು. ಇಬ್ಬರ ಮೊಬೈಲಿಗೂ ಒಂದೇ ಸಂದೇಶ ಹೋಗಿತ್ತು: ನಿಮ್ಮ ಹೊಲದ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿದೆ, ಕೆಳಭಾಗ ಒಣಗುತ್ತಿದೆ, ಮೇಲಿನಿಂದ ಕೆಳಕ್ಕೆ ಬಿಡಿ. ಮೇಲಿನವನು ಒಣಗಿದ ಜಾಗ ಹುಡುಕಿ ಸುಸ್ತಾದ. ಕೆಳಗಿನವನು ಹೆಚ್ಚಾದ ನೀರು ಎಲ್ಲಪ್ಪಾ ಎಂದು ತಲೆ ಕೆರೆದುಕೊಂಡ. ಕೊನೆಗೆ ಮೊಬೈಲ್ ಹಿಡಿದ ಇಬ್ಬರೂ ಬದುವಿನ ಹುಲ್ಲಿನಲ್ಲಿ ಮುಖಾಮುಖಿಯಾದರು.

“ಹೊಡೆದಾಡಿದ್ರಾ?” ಎಂದಳು ದರ್ಜಿ.

“ಗೊತ್ತಿಲ್ಲ. ಈಗ ವಿಡಿಯೋದಲ್ಲಿ ಬರ್ತಾರೆ, ನೀವೇ ಕೇಳಿ.”

ಕಂಪ್ಯೂಟರ್ ಪರದೆಯಲ್ಲಿ ಒಂದು ಕಲ್ಲಿನ ಮೇಲೆ ಕುಳಿತ, ಟೋಪಿ ಹಾಕಿದ ಇಬ್ಬರು ಗಂಡಸರು ಕಂಡರು. ಪಕ್ಕದಲ್ಲಿ ಅವರ ಭಾಷೆಯೂ ಕನ್ನಡವೂ ಬಲ್ಲ, ಕಂಪನಿಯ ಕಡೆಯ ಹುಡುಗಿಯೊಬ್ಬಳು. ಹಿಂದೆ ಅದೇ ಹಸಿರು, ಗಾಳಿಗೆ ಅಲ್ಲಾಡುತ್ತಿತ್ತು. ಅದು ಅಲ್ಲಾಡುವುದನ್ನು ಅವಳು ಎಂದೂ ನೋಡಿರಲಿಲ್ಲ. ಪರದೆಗೆ ಇನ್ನಷ್ಟು ಹತ್ತಿರ ಬಾಗಿದಳು.

“ತಪ್ಪಾಯ್ತು. ಇವತ್ತೇ ಸರಿ ಮಾಡ್ತೀನಿ ಅಂತ ಹೇಳಮ್ಮ,” ಎಂದಳು.

ಹಿರಿಯವನು ಏನೋ ಗೊಣಗಿದ. ಹುಡುಗಿಗೆ ನಗು ತಡೆಯಲಿಲ್ಲ. “ಅವಸರ ಏನಿಲ್ಲ ಅಂತಿದಾರೆ. ಕೊಯ್ಲು ಮುಗೀಲಿ. ತಾವಾಗೇ ಷಡ್ಡಕರನ್ನ ಮಾತಾಡಿಸಿಲ್ವಂತೆ, ಮೊಬೈಲ್ ಹೇಳ್ತು ಅಂತ ಮಾತಾಡಿಸಿದ್ದಂತೆ. ನೀವು ಸರಿ ಮಾಡಿಬಿಟ್ರೆ ನೆಪ ಇಲ್ದೆ ಮತ್ತೆ ಬಾಯಿ ಮುಚ್ಕೋಬೇಕಲ್ಲಾ!”

ಮೇಲ್ವಿಚಾರಕ ಕೆಮ್ಮುತ್ತಾ ಅತ್ತ ತಿರುಗಿದ. ಕೊಯ್ಲಿನವರೆಗೂ ಅವನು ಆ ಗೆರೆಯನ್ನು ಕಂಡೂ ಕಾಣದಂತೆ ಇದ್ದ. ಕೊಯ್ಲಾದ ಮೇಲೆ ಬಂದ ಚಿತ್ರದಲ್ಲಿ ಹುಲ್ಲು ಸವರಿದ್ದರಿಂದ ಬದು ಎದ್ದು ಕಾಣುತ್ತಿತ್ತು. ನಡುವೆ ಒಂದು ಕಡೆ ಅದನ್ನು ಕಡಿದು ನೀರಿಗೆ ದಾರಿ ಮಾಡಿದ್ದರು. ಅವಳು ಹೊಲಗಳನ್ನು ಬೇರೆ ಮಾಡಿ ಗೆರೆ ಎಳೆದಳು, ಕೈ ನಿಧಾನವಾಗಿತ್ತು.

ಆ ಭಾನುವಾರ ಗಂಡನ ಸ್ಕೂಟರಿನ ಹಿಂದೆ ಕೂತು ಹೋಗುವಾಗ ಊರಾಚೆ ರಸ್ತೆ ಬದಿಯಲ್ಲಿ ಹೊಲ ಕಂಡಿತು. “ಒಂಚೂರು ನಿಲ್ಲಿಸ್ರೀ,” ಎಂದಳು. ಚಪ್ಪಲಿ ಬಿಟ್ಟು ಅಂಚಿಗೆ ಇಳಿದಳು.

ಪೈರಿನ ನಡುವಿನಿಂದ ಒಬ್ಬ ಮುದುಕ ತಲೆಯೆತ್ತಿದ. “ಏನಮ್ಮಾ, ಏನಾದ್ರೂ ಬಿದ್ದೋಯ್ತಾ?”

“ಇಲ್ಲ, ಸುಮ್ನೆ ನೋಡ್ತಿದ್ದೆ.”

“ನೋಡಿ ನೋಡಿ, ನೋಡೋಕೇನು ಅಪ್ಪಣೆ ಬೇಕಾ,” ಎಂದು ಅವನು ಮತ್ತೆ ಬಗ್ಗಿದ.

ನೆಲದ ಮೇಲೆ ನಿಂತರೆ ಹೊಲಕ್ಕೆ ಆಕಾರವೇ ಇರಲಿಲ್ಲ. ಎದೆಯೆತ್ತರದ ಹಸಿರು, ಅದರಾಚೆ ಮತ್ತೂ ಹಸಿರು. ಕಾಲ್ಬೆರಳ ಸಂದಿಯಲ್ಲಿ ಕೆಸರು ತಣ್ಣಗೆ ಮೇಲೇರಿತು. ಗಂಡ ಹಾರನ್ ಒತ್ತಿದ. ಅವಳು ತಿರುಗದೆ, ತಡೀರಿ ಎನ್ನುವಂತೆ ಕೈಯೆತ್ತಿದಳು.